ಸಮುದ್ರ ಕಾಣುವ ಕೋಣೆಗೆ ಎಷ್ಟು ಪಾಯಿಂಟು

ಕಂಪನಿಯಲ್ಲಿ ಅವನನ್ನು ಎಲ್ಲರೂ ಪಾಯಿಂಟಪ್ಪ ಎನ್ನುತ್ತಿದ್ದರು. ಎದುರಿಗೇ ಎನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಗೇಲಿಗೆಂದು ಇಟ್ಟ ಹೆಸರನ್ನು ಈ ಮಹಾರಾಯ ಬಿರುದಿನಂತೆ ಹೊತ್ತು ತಿರುಗಿದ.

ಅವನದು ತೂಕದ ಯಂತ್ರಗಳನ್ನು ತಪಾಸಣೆ ಮಾಡುವ ಕೆಲಸ. ಕಾರ್ಖಾನೆಯ ಗೇಟಿನೊಳಗೆ ಲಾರಿಯನ್ನೇ ಹತ್ತಿಸಿ ತೂಗುವ ಕಬ್ಬಿಣದ ಹಾಸು ಇರುತ್ತದಲ್ಲ, ಅದು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ನೋಡಿ ಸರಿಪಡಿಸಬೇಕು. ಇಪ್ಪತ್ತು ಕಿಲೋದ ಕಲ್ಲುಗಳನ್ನು ನಾಲ್ಕು ಮೂಲೆಗೂ ಹೊತ್ತು ಹಾಕಿ, ಅಂಕಿ ನೋಡಿ, ಬರೆದು, ಮತ್ತೆ ಎತ್ತಬೇಕು. ತಿಂಗಳಲ್ಲಿ ಹದಿನೈದು ದಿನ ಪರವೂರು. ತಂಗಲು ಕಂಪನಿಯೇ ಒಂದು ದೊಡ್ಡ ಹೋಟೆಲ್ ಬಳಗದ ಜೊತೆ ಗೊತ್ತು ಮಾಡಿಕೊಂಡಿತ್ತು. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲೇ ಆ ಹೋಟೆಲಿನವರು ಅವನಿಗೊಂದು ನೀಲಿ ಕಾರ್ಡು ಕೊಟ್ಟರು. ತಂಗಿದ ಪ್ರತಿ ರಾತ್ರಿಗೂ ಇಷ್ಟು ಪಾಯಿಂಟು. ಪಾಯಿಂಟು ಕೂಡಿದರೆ ಅವರ ಯಾವ ಊರಿನ ಹೋಟೆಲಿನಲ್ಲಾದರೂ ಬಿಟ್ಟಿಯಾಗಿ ಇರಬಹುದು. ಬಾಡಿಗೆ ಕಂಪನಿಯದು, ಪಾಯಿಂಟು ಅವನದು. ಇಂಥ ಭಾಗ್ಯ ಉಂಟೇ ಎಂದು ಆ ದಿನ ಕಾರ್ಡನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದ.

ಜೊತೆಯಲ್ಲಿ ಓಡಾಡುತ್ತಿದ್ದ ಮೀಸೆ ಎಂಜಿನಿಯರನಿಗೂ ಅಂಥದೇ ಕಾರ್ಡಿತ್ತು. ಒಂದು ರಾತ್ರಿಗಾಗುವಷ್ಟು ಪಾಯಿಂಟು ಸೇರಿತೋ ಇಲ್ಲವೋ, ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹತ್ತಿರದ ಸಾಧಾರಣ ಹೋಟೆಲಿಗೆ ಹೋಗಿ, ಈಜುಕೊಳದಲ್ಲಿ ಧುಮುಕಿ ಎದ್ದು ಬರುತ್ತಿದ್ದ. ನೋಡಿ ಪಾಯಿಂಟಪ್ಪನ ಹೊಟ್ಟೆ ಉರಿಯುತ್ತಿತ್ತು. ಅವನು ಹೋಗಿಬಂದನಲ್ಲ ಎಂದಲ್ಲ, ಅಷ್ಟು ಅಗ್ಗದ ಕೋಣೆಗೆ ಪಾಯಿಂಟು ಸುರಿದನಲ್ಲ ಎಂದು.

“ಅಲ್ವೋ, ಆ ಕೋಣೆ ಬಾಡಿಗೆ ಎಷ್ಟು, ನೀನು ಕಳ್ಕೊಂಡ ಪಾಯಿಂಟು ಎಷ್ಟು? ಸ್ವಲ್ಪ ತಡ್ಕೊಂಡಿದ್ರೆ ಇದರ ಮೂರರಷ್ಟು ಬೆಲೆ ಬರ್ತಿತ್ತು!”

“ತಡ್ಕೊಂಡ್ರೆ ನನ್ ಮಕ್ಕಳು ಚಿಕ್ಕವರಾಗೇ ಇರ್ತಾರಾ ಗುರುವೇ?” ಎಂದು ಮೀಸೆ ನಗುತ್ತಿದ್ದ.

ಈ ಮೂರ್ಖನಿಗೆ ಹೇಳಿ ಸುಖವಿಲ್ಲ ಎಂದುಕೊಳ್ಳುತ್ತಿದ್ದ ಪಾಯಿಂಟಪ್ಪ. ಅವನಿಗೆ ಆ ನಿಯಮಗಳೆಲ್ಲ ಬಾಯಿಪಾಠ. ಪಾಯಿಂಟು ಕೊಟ್ಟು ಇಸ್ತ್ರಿ ಪೆಟ್ಟಿಗೆ, ಸೂಟ್‌ಕೇಸು ತೆಗೆದುಕೊಳ್ಳುವವನು ದಡ್ಡ. ರಜೆಯ ದಿನಗಳಲ್ಲಿ ಖರ್ಚು ಮಾಡುವವನು ಅವನಿಗಿಂತ ದಡ್ಡ. ಜನ ಬಾರದ ತಿಂಗಳು ನೋಡಿ, ಅತಿ ದುಬಾರಿ ಹೋಟೆಲನ್ನೇ ಹಿಡಿದು, ಆರು ರಾತ್ರಿಗೆ ಒಟ್ಟಿಗೆ ಕೊಟ್ಟರೆ ಏಳನೆಯದು ಬಿಟ್ಟಿ. ಇಷ್ಟು ತಿಳಿದವನೇ ಜಾಣ.

ಆ ದುಬಾರಿ ಹೋಟೆಲು ಯಾವುದೆಂದೂ ಅವನು ಗೊತ್ತು ಮಾಡಿಕೊಂಡಿದ್ದ. ಕಾರ್ಡಿನ ಜೊತೆ ಬಂದ ಪುಸ್ತಿಕೆಯಲ್ಲಿ ಅದರ ಚಿತ್ರವಿತ್ತು. ಸಮುದ್ರದ ದಂಡೆ, ಬಿಳಿ ಕಟ್ಟಡ, ಗೋಡೆಯಗಲದ ಕಿಟಕಿ, ಕಿಟಕಿಯ ತುಂಬ ನೀರು. ಅದನ್ನು ಕತ್ತರಿಸಿ ತಂದು ಹೆಂಡತಿಗೆ ತೋರಿಸಿದ. ಅವಳು ಮನೆಯಲ್ಲೇ ಕೂತು ಅಂಗಡಿಯವರು ಕಳಿಸಿದ ಬಟ್ಟೆಗಳನ್ನು ಗಿರಾಕಿಗಳ ಅಳತೆಗೆ ಬಿಚ್ಚಿ ಹೊಲಿದು ಕೊಡುವವಳು. ಸಮುದ್ರವನ್ನು ಒಮ್ಮೆಯೂ ಕಂಡವಳಲ್ಲ.

“ಏಳು ರಾತ್ರಿ ಇಲ್ಲಿ. ನೀನು, ನಾನು, ಪಾಪು. ಮಾತು ಕೊಟ್ಟಿದೀನಿ ನೋಡು,” ಎಂದ.

ಅವಳು ಚಿತ್ರವನ್ನು ಹೊಲಿಗೆ ಯಂತ್ರದ ಮುಂದಿನ ಗೋಡೆಗೆ ಅಂಟಿಸಿದಳು. “ಯಾವಾಗ್ರೀ?” ಎಂದಳು.

“ಎರಡು ವರ್ಷ. ಹೆಚ್ಚಂದ್ರೆ ಮೂರು.”

ಇನ್ನು ಶನಿವಾರಗಳ ವಿಷಯ. ಇದನ್ನು ಹೇಳದೆ ಅವನ ಕತೆ ಹೇಳಿದಂತಾಗುವುದಿಲ್ಲ. ಪರವೂರಿನ ಕೆಲಸ ಸಾಮಾನ್ಯವಾಗಿ ಗುರುವಾರ ಶುರುವಾಗಿ ಶನಿವಾರ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ನಾಲ್ಕು ಗಂಟೆಯ ಬಸ್ಸು ಹತ್ತಿದರೆ ರಾತ್ರಿ ಹತ್ತಕ್ಕೆ ಮನೆ. ಮೀಸೆ ಓಡಿಹೋಗಿ ಅದೇ ಬಸ್ಸು ಹತ್ತುತ್ತಿದ್ದ. ಆದರೆ ಹೋಟೆಲಿನವರ ಲೆಕ್ಕದಲ್ಲಿ ಸತತ ಮೂರು ರಾತ್ರಿ ತಂಗಿದವರಿಗೆ ಪಾಯಿಂಟು ದುಪ್ಪಟ್ಟು. ಎರಡಕ್ಕೇ ಎದ್ದು ಹೋದರೆ ಅದು ಇಲ್ಲ. ಆದ್ದರಿಂದ ಪಾಯಿಂಟಪ್ಪ, ಬೆಳಗಿನ ತಂಪಿನಲ್ಲಿ ಇನ್ನೊಂದು ಸಲ ತೂಗಿ ನೋಡಬೇಕು ಎಂದು ವರದಿಯಲ್ಲಿ ಬರೆದು, ಸ್ವಾಗತದ ಮೇಜಿಗೆ ಹೋಗಿ ಇನ್ನೊಂದು ರಾತ್ರಿ ಕೇಳಿ ಪಡೆದು, ಮನೆಗೆ ಫೋನು ಮಾಡುತ್ತಿದ್ದ.

“ಕೆಲಸ ಮುಗೀಲಿಲ್ಲ ಕಣೇ. ನಾಳೆ ಮಧ್ಯಾಹ್ನ ಬರ್ತೀನಿ.”

“ಸರಿ,” ಎನ್ನುತ್ತಿದ್ದಳು.

ಊರೆಲ್ಲದರ ತೂಕ ಸರಿ ಮಾಡುವ ಮನುಷ್ಯ ಹೀಗೆ ವಾರವಾರ ಸುಳ್ಳು ಹೇಳಿದ. ಮನಸ್ಸಿಗೆ ಚುಚ್ಚಲಿಲ್ಲವೇ ಎಂದರೆ, ಮೊದಮೊದಲು ಚುಚ್ಚಿತು. ಆಮೇಲೆ, ಯಾರಿಗಾಗಿ ಮಾಡುತ್ತಿದ್ದೇನೆ, ಅವಳಿಗಾಗಿಯೇ ತಾನೆ ಎಂಬ ಸಮಾಧಾನ ಸಿಕ್ಕಿತು. ಆ ಸಮಾಧಾನ ಸಿಕ್ಕ ಮೇಲೆ ಮನುಷ್ಯನನ್ನು ಹಿಡಿಯುವವರಿಲ್ಲ. ಮಗಳು ಮೆಟ್ಟಿಲಿನಿಂದ ಬಿದ್ದು ಗಲ್ಲಕ್ಕೆ ಹೊಲಿಗೆ ಹಾಕಿಸಿಕೊಂಡಿದ್ದು ಒಂದು ಶನಿವಾರ ಸಂಜೆ. ಅವನು ಹೋಟೆಲಿನ ಹಾಸಿಗೆಯಲ್ಲಿ ಕಾಲು ಚಾಚಿ ಟೀವಿ ನೋಡುತ್ತಿದ್ದ. ಕೊನೆಯ ಬಸ್ಸು ಹೋಗಿಯಾಗಿತ್ತು.

ಮೂರನೆಯ ವರ್ಷ ಏಳು ರಾತ್ರಿಗೆ ಸಾಲುವಷ್ಟು ಪಾಯಿಂಟು ಸೇರಿತು. ಹೆಂಡತಿ ಪೆಟ್ಟಿಗೆ ಇಳಿಸಿ ಒರೆಸಿದಳು. ಇವನು, ಮುಂದಿನ ವರ್ಷ ಅದೇ ಕೋಣೆಯನ್ನು ಅರ್ಧ ಪಾಯಿಂಟಿಗೆ ಕೊಡುವ ಸುದ್ದಿ ಇದೆ, ಈಗ ಹೋದರೆ ನಷ್ಟ ಎಂದ. ಪೆಟ್ಟಿಗೆ ಮತ್ತೆ ಅಟ್ಟ ಸೇರಿತು. ಮುಂದಿನ ವರ್ಷ ಅರ್ಧಕ್ಕೆ ಕೊಡುವುದಿರಲಿ, ಹೋಟೆಲಿನವರು ರಾತ್ರಿಗೆ ಕೊಡಬೇಕಾದ ಪಾಯಿಂಟನ್ನೇ ಏರಿಸಿದರು. ಏಳು ರಾತ್ರಿ ಇದ್ದದ್ದು ಐದಾಯಿತು. ಐದಕ್ಕೆ ಹೋಗುವುದೇ? ಮಾತು ಕೊಟ್ಟದ್ದು ಏಳಕ್ಕೆ! ಇನ್ನಷ್ಟು ಶನಿವಾರ ಕೂಡಿಸಿ ಏಳಕ್ಕೆ ತಂದ. ಅವರು ಮತ್ತೆ ಏರಿಸಿದರು. ಅವನು ಒಂದು ಮೆಟ್ಟಿಲು ಹತ್ತಿದರೆ ಹೋಟೆಲಿನವರು ಎರಡು ಮೆಟ್ಟಿಲು ಮೇಲೆ ನಿಂತಿರುತ್ತಿದ್ದರು. ಹೀಗೆ ಇಪ್ಪತ್ತೆರಡು ವರ್ಷ ಕಳೆಯಿತು. ಗೋಡೆಯ ಮೇಲಿನ ಚಿತ್ರದ ನೀಲಿ ಮಾಸಿ ಬೂದಿಬಣ್ಣವಾಯಿತು. ಮಗಳು ಓದು ಮುಗಿಸಿ, ಮದುವೆಯಾಗಿ, ಬೇರೆ ಮನೆ ಮಾಡಿದಳು. ಹೆಂಡತಿ “ಯಾವಾಗ್ರೀ?” ಎಂದು ಕೇಳುವುದನ್ನು ಯಾವಾಗ ಬಿಟ್ಟಳೆಂದು ಅವನಿಗೆ ನೆನಪಿಲ್ಲ.

ನಿವೃತ್ತಿಯಾಯಿತು. ಮನೆಯಲ್ಲಿ ಕೂತ ಗಂಡಸಿಗೆ ಮನೆಯ ತಪ್ಪುಗಳೇ ಕಣ್ಣಿಗೆ ಬೀಳುತ್ತವೆ. ಅವನು ಕಂಡುಹಿಡಿದ ದೊಡ್ಡ ತಪ್ಪೆಂದರೆ ಬಾಗಿಲಿನದು. ಉಳಿದ ದಿನ ಎಂಟು ಹೊಡೆಯುವಷ್ಟರಲ್ಲಿ ಚಿಲಕ ಹಾಕುವವಳು ಶನಿವಾರ ಮಾತ್ರ ಹತ್ತೂವರೆಯವರೆಗೆ ಬಾಗಿಲನ್ನು ಸುಮ್ಮನೆ ಒರಗಿಸಿರುತ್ತಿದ್ದಳು.

“ಶನಿವಾರ ಬಂತಂದ್ರೆ ನಿಂಗೆ ಚಿಲಕ ಮರ್ತೇ ಹೋಗುತ್ತಲ್ಲೇ! ಯಾರಾದ್ರೂ ನುಗ್ಗಿದ್ರೆ?” ಎಂದು ರೇಗಿದ.

“ಅಭ್ಯಾಸ,” ಎಂದು ಅವಳು ದಾರ ಕಚ್ಚಿದಳು.

ಆ ವರ್ಷವೇ ಹೋಟೆಲಿನವರ ಸಂದೇಶ ಬಂತು. ಇನ್ನು ಮುಂದೆ ರಾತ್ರಿಗೆ ಇಷ್ಟೇ ಪಾಯಿಂಟು ಎಂಬ ಪಟ್ಟಿ ಇರುವುದಿಲ್ಲ, ದಿನದಿನಕ್ಕೆ ದರ ಬದಲಾಗುತ್ತದೆ. ಹದಿನೆಂಟು ತಿಂಗಳು ಎಲ್ಲೂ ತಂಗದಿದ್ದರೆ ಇದ್ದ ಪಾಯಿಂಟೂ ರದ್ದು. ಕೂಡಲೇ ಫೋನಿನಲ್ಲಿ ಆ ಬಿಳಿ ಹೋಟೆಲನ್ನು ತೆರೆದು ನೋಡಿದ. ಸಮುದ್ರ ಕಾಣುವ ಕೋಣೆಗೆ ಅವನ ಇಪ್ಪತ್ತೆರಡು ವರ್ಷದ ಪಾಯಿಂಟು ಕೊಟ್ಟರೆ ಒಂದು ರಾತ್ರಿ. ತಪ್ಪಾಗಿ ಒತ್ತಿದೆನೇನೋ ಎಂದು ತಿಂಗಳು ಬದಲಿಸಿದ, ವಾರ ಬದಲಿಸಿದ. ಎಲ್ಲಿ ನೋಡಿದರೂ ಒಂದೇ ರಾತ್ರಿ.

ಸಹಾಯವಾಣಿಗೆ ಫೋನು ಮಾಡಿದ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿ ಆಮೇಲೆ ಒಬ್ಬ ಹುಡುಗಿ ಸಿಕ್ಕಳು.

“ಸರ್, ನಿಮ್ಮ ಬೇಸರ ನನಗೆ ಅರ್ಥ ಆಗುತ್ತೆ.”

“ಅರ್ಥ ಆದ್ರೆ ಏನಾದ್ರೂ ಮಾಡಮ್ಮ. ಏಳು ರಾತ್ರಿಗೆ ಸಾಕಾಗಿತ್ತು ನನ್ ಹತ್ರ. ಏಳು!”

“ನನ್ ಕೈಲಿ ಏನೂ ಇಲ್ಲ ಸರ್.”

“ಮತ್ತೆ ಯಾರ ಕೈಲಿದೆ?”

“ಸಿಸ್ಟಮ್ಮು ಸರ್. ನಿಮ್ಮ ನಿಷ್ಠೆಗೆ ನಾವು ಯಾವತ್ತೂ ಆಭಾರಿ ಸರ್.”

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ಆ ಹುಡುಗಿಯನ್ನು ಬೈದು ಏನು ಬಂತು, ಅವಳೂ ಸಂಬಳಕ್ಕೆ ಕೂತವಳು. ಫೋನು ಇಟ್ಟು ಒಳಗೆ ಹೋಗಿ, “ಒಂದೇ ರಾತ್ರಿ ಕಣೇ. ಹೋಗೋಣ್ವಾ?” ಎಂದ. ಅವಳು ಹೊಲಿಗೆ ನಿಲ್ಲಿಸಿ ಅವನ ಮುಖ ನೋಡಿ, “ಹೋಗೋಣ,” ಎಂದಳು. ಅಟ್ಟದಿಂದ ಇಳಿಸಿದ ಪೆಟ್ಟಿಗೆಯ ಬೀಗಕ್ಕೆ ತುಕ್ಕು ಹಿಡಿದಿತ್ತು. ಎರಡು ಕೈಚೀಲದಲ್ಲೇ ಬಟ್ಟೆ ತುಂಬಿಕೊಂಡರು.

ಹೋಟೆಲಿನ ಸ್ವಾಗತದ ಹೆಣ್ಣುಮಗಳು ಕಾರ್ಡು ನೋಡಿ ಕಣ್ಣರಳಿಸಿದಳು. “ಇಪ್ಪತ್ತೆರಡು ವರ್ಷದ ಸದಸ್ಯರು! ಇಂಥವರು ನಮಗೆ ಸಿಗೋದೇ ಇಲ್ಲ ಸರ್.” ಒಳಗೆ ಹೋಗಿ, ಅವನು ಆವರೆಗೆ ತಂಗಿದ ರಾತ್ರಿಗಳನ್ನೆಲ್ಲ ತಾರೀಖು ಸಮೇತ ಮುದ್ರಿಸಿ, ರಿಬ್ಬನ್ನು ಕಟ್ಟಿ, ನೆನಪಿನ ಕಾಣಿಕೆ ಎಂದು ಅವನ ಹೆಂಡತಿಯ ಕೈಗಿತ್ತಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಳು.

ಕಿಟಕಿ ಚಿತ್ರದಲ್ಲಿದ್ದಂತೆಯೇ ಇತ್ತು. ಸುಳ್ಳಲ್ಲ, ತುಂಬ ನೀರು. ಹೆಂಡತಿ ಕಿಟಕಿಯೆದುರು ಕುರ್ಚಿ ಎಳೆದುಕೊಂಡು ಕೂತಳು. ಅಂತೂ ಕೊಟ್ಟ ಮಾತು ನಡೆಯಿತು ಎಂದು ಅವನು ಹಿಗ್ಗಿದ. ಮುಖ ತೊಳೆದುಕೊಂಡು ಬರುತ್ತೇನೆಂದು ಬಚ್ಚಲಿಗೆ ಹೋದ. ಹೊರಬಂದಾಗ ಅವಳು ಕನ್ನಡಕ ಹಾಕಿಕೊಂಡು ಆ ಹಾಳೆಗಳನ್ನು ಓದುತ್ತಿದ್ದಳು. ಅಳತೆ ಪುಸ್ತಕ ಓದುವಂತೆ, ಸಾಲಿನ ಕೆಳಗೆ ಬೆರಳಿಟ್ಟು.

“ಇದೇನ್ರೀ, ಬರೀ ಶನಿವಾರದ ಮುಂದೆ ‘ಅತಿಥಿಯ ಕೋರಿಕೆಯಂತೆ ಒಂದು ರಾತ್ರಿ ಹೆಚ್ಚು’ ಅಂತ ಬರೆದಿದಾರೆ? ಕೋರಿಕೆ ಯಾರದು?”

“ಅದಾ... ಅವರ ಸಿಸ್ಟಮ್ಮು ಏನೇನೋ...” ಎಂದು ಶುರು ಮಾಡಿದ. ಆಮೇಲೆ “ನಂದೇ,” ಎಂದ.

“ಕೆಲಸ ಮುಗಿದಿರ್ತಿತ್ತಾ?”

“ಮುಗಿದಿರ್ತಿತ್ತು.”

ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು. ಅದು ಮಗಳ ಗಲ್ಲದ ತಾರೀಖು ಎಂದು ಅವನಿಗೆ ನೋಡದೆಯೇ ಗೊತ್ತಾಯಿತು.

“ಬಸ್ಸಿತ್ತಾ?”

“ಇತ್ತು. ನಾಲ್ಕಕ್ಕೆ. ಹತ್ತಕ್ಕೆಲ್ಲ ಊರಿಗೆ ಬರೋದು.”

ಅವಳು ಹಾಳೆ ಮಡಿಸಿ ರಿಬ್ಬನ್ನನ್ನು ಮೊದಲಿನಂತೆಯೇ ಕಟ್ಟಿದಳು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

“ನೀವು ನಾಳೆ ಬರ್ತೀನಿ ಅಂತ ಫೋನ್ ಮಾಡಿದ್ರೂ, ಹತ್ತೂವರೆ ತನಕ ನಾನು ಚಿಲಕ ಹಾಕ್ತಿರ್ಲಿಲ್ಲ,” ಎಂದಳು. “ಪಾಪ, ಕೆಲಸ ಬೇಗ ಮುಗಿದ್ರೆ ಓಡಿ ಬಂದ್ಬಿಡ್ತಾರೇನೋ, ಬಾಗಿಲು ತಟ್ತಾ ನಿಲ್ಲೋದು ಬೇಡ ಅಂತ.”

ಅವನು ಹಾಸಿಗೆಯ ಅಂಚಿಗೆ ಕೂತ. ಏಳು ರಾತ್ರಿಯ ಲೆಕ್ಕ, ಜನ ಬಾರದ ತಿಂಗಳಿನ ಲೆಕ್ಕ, ದುಪ್ಪಟ್ಟಿನ ಲೆಕ್ಕ, ಒಂದೂ ಬಾಯಿಗೆ ಬರಲಿಲ್ಲ. “ನಿಂಗೋಸ್ಕರಾನೇ ಕಣೇ...” ಎಂದಷ್ಟೇ ಹೇಳಿದ.

“ಗೊತ್ತು,” ಎಂದಳು. ಕುರ್ಚಿಯನ್ನು ಸ್ವಲ್ಪ ಸರಿಸಿ ಜಾಗ ಮಾಡಿದಳು. “ಬನ್ನಿ, ಕತ್ತಲಾಗೋದ್ರೊಳಗೆ ನೋಡ್ಕೊಳ್ಳಿ. ನಾಳೆ ಹನ್ನೊಂದಕ್ಕೆ ಖಾಲಿ ಮಾಡ್ಬೇಕಂತೆ.”

ಅವನು ಪಕ್ಕಕ್ಕೆ ಹೋಗಿ ಕೂತ. ಅಷ್ಟು ದೊಡ್ಡ ಸಮುದ್ರ ಎದುರಿಗಿತ್ತು, ಅವನಿಗೆ ಕಂಡದ್ದು ಒರಗಿಸಿದ ಬಾಗಿಲು. ಆ ರಾತ್ರಿಗಳನ್ನು ಯಾವ ಮೇಜಿಗೆ ಹೋಗಿ ವಾಪಸ್ಸು ಕೇಳುವುದು?

ಊರಿಗೆ ಬಂದರು. ಅವಳು ಮೊದಲಿನಂತೆಯೇ ಇದ್ದಳು. ಹೊತ್ತಿಗೆ ಸರಿಯಾಗಿ ಕಾಫಿ ಕೊಟ್ಟಳು, ಮಗಳಿಗೆ ಫೋನಿನಲ್ಲಿ ಸಮುದ್ರದ ಬಣ್ಣ ಬಣ್ಣಿಸಿದಳು. ಗೋಡೆಯ ಚಿತ್ರವನ್ನೂ ಕೀಳಲಿಲ್ಲ. ಶನಿವಾರ ಬಂತು. ಎಂಟು ಗಂಟೆಗೆ ಅವಳು ಹೊಲಿಗೆ ಬಿಟ್ಟು ಎದ್ದು, ಬಾಗಿಲು ಮುಂದಕ್ಕೆಳೆದು, ಚಿಲಕ ಹಾಕಿದಳು.

ಅವನು ಪೇಪರಿನಿಂದ ತಲೆ ಎತ್ತಿದ. “ಹತ್ತೂವರೆ ಆಗ್ಲಿಲ್ವಲ್ಲೇ ಇನ್ನೂ,” ಎಂದ.

“ಇನ್ಯಾರು ಬರ್ಬೇಕು?” ಎನ್ನುತ್ತ ಅವಳು ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದಳು.