ಮುಯ್ಯಾಳು ಚಲುವಯ್ಯನೂ ಗೇಣುದ್ದದ ಗರಗಸವೂ

ಹಾರನಹಳ್ಳಿಯ ಸುತ್ತ ಕೊಡಲಿ ಹಿಡಿಯುವವರು ನೂರು ಜನ ಸಿಕ್ಕಾರು. ಆದರೆ ಚಲುವಯ್ಯ ಕೊಡಲಿ ಎತ್ತಿದರೆ ಮರದ ಬೊಡ್ಡೆ ಹೆದರಿ ತಾನಾಗಿಯೇ ಎರಡಾಗುತ್ತಿತ್ತು. ಬೆಳಗಿನ ಹೊತ್ತು ಅವನು ಸೌದೆ ಒಡೆಯಲು ನಿಂತರೆ ಆ ಸದ್ದಿಗೆ ಅತ್ತ ಬೈಲಕುಪ್ಪೆಯ ಲಾಮಾಗಳಿಗೆ ನಗಾರಿಯ ತಾಳ ತಪ್ಪಿ, ಎಲ್ಲರೂ ಕಣ್ಣು ಬಿಟ್ಟು ಹಾರನಹಳ್ಳಿಯ ದಿಕ್ಕಿಗೆ ನೋಡುತ್ತಿದ್ದರಂತೆ. ಇದನ್ನು ಹೇಳಿದವನು ಚಲುವಯ್ಯನೇ ಆದ್ದರಿಂದ ಅನುಮಾನ ಪಡಲು ಕಾರಣವಿಲ್ಲ.

ಅಂಥವನ ಬಲಗೈ ಈ ಶಿವರಾತ್ರಿ ಕಳೆದ ಮೇಲೆ ಭುಜದಿಂದ ಮೇಲೆ ಏಳುವುದನ್ನು ನಿಲ್ಲಿಸಿಬಿಟ್ಟಿತು. ನೋವೇನೂ ಇಲ್ಲ, ಎತ್ತಿದರೆ ಮಾತ್ರ ಯಾರೋ ಕಂಕುಳಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಅಂಗಿ ತೊಡುವಾಗ ಅವನು ಹಾವು ಪೊರೆಗೆ ವಾಪಸು ಹೋಗುವ ಹಾಗೆ ಒದ್ದಾಡುವುದನ್ನು ಹೆಂಡತಿ ಚಿಕ್ಕಬೀರಮ್ಮ ನೋಡಿದ್ದಳು. ಊರಿನವರಿಗೆ ಹೇಳಕೂಡದೆಂದು ಅವಳಿಂದ ಆಣೆ ಮಾಡಿಸಿಕೊಂಡಿದ್ದ.

ಹೇಳದಿರಲು ಕಾರಣವಿತ್ತು. ಅಲ್ಲಿ ಹೊಗೆಸೊಪ್ಪಿನ ಕೆಲಸವೆಲ್ಲ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನೀನು ನನ್ನ ಕೆಲಸಕ್ಕೆ ಒಂದಾಳು ಬಂದರೆ ನಾಳೆ ನಿನ್ನ ಕೆಲಸಕ್ಕೆ ನಾನು ಒಂದಾಳು. ಸೊಪ್ಪು ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಒಮ್ಮೆ ಬೆಂಕಿ ಹಾಕಿದರೆ ಐದಾರು ದಿನ ಆರಗೊಡುವಂತಿಲ್ಲ. ಒಬ್ಬನ ಕೈಲಾಗುವ ಮಾತಲ್ಲ ಅದು. ಮುಯ್ಯಿ ತೀರಿಸದವನ ಬ್ಯಾರನ್ನಿನ ಕಡೆ ಯಾರೂ ತಲೆ ಹಾಕುವುದಿಲ್ಲ, ಅವನ ಸೊಪ್ಪು ಗಿಡದಲ್ಲೇ ಒಣಗುತ್ತದೆ.

ಹೋದ ವರ್ಷದ ಗಾಳಿಗೆ ಚಲುವಯ್ಯನ ಬ್ಯಾರನ್ನಿನ ಶೀಟುಗಳು ಹಾರಿ, ಕೇರಳದ ಗಡಿಯಲ್ಲಿ ಪರ್ಮಿಟ್ ಕೇಳಿದರೆಂದು ಬೇಸರಪಟ್ಟು ವಾಪಸು ಬಂದು ಕೆರೆಯಲ್ಲಿ ಬಿದ್ದಿದ್ದವು. ಆಗ ಮೂರು ಮನೆಯವರು ನಾಲ್ಕು ನಾಲ್ಕು ದಿನ ಬಂದು ಸೂರು ಎಬ್ಬಿಸಿಕೊಟ್ಟಿದ್ದರು. ಈಗ ಮುಂಗಾರಿಗೆ ಮುಂಚೆ ಆ ಮೂರು ಮನೆಗೂ ಸೌದೆ ಆಗಬೇಕು. ಮೂವರೂ ಕೇಳಿದ್ದು ಒಂದೇ: ಚಲುವಯ್ಯನ ಕೊಡಲಿ.

ಆಗಲ್ಲ ಎಂದರೆ ಮುಯ್ಯಿಯಿಂದ ಹೊರಗೆ. ಆಗುತ್ತೆ ಎಂದರೆ ಕೈ ಏಳುವುದಿಲ್ಲ. ಹೀಗೆ ಎರಡು ಗೋಡೆಯ ನಡುವೆ ಸಿಕ್ಕಿಕೊಂಡ ಚಲುವಯ್ಯ ಪಿರಿಯಾಪಟ್ಟಣದಲ್ಲಿ ಕಂಠಪ್ಪನ ಪಂಪ್‌ಸೆಟ್ ಅಂಗಡಿಗೆ ವಾಷರ್ ತರಲು ಹೋದಾಗ ಆ ಮಿಷನ್ ಕಂಡ. ಮರ ಕುಯ್ಯುವ ಬ್ಯಾಟರಿ ಗರಗಸ. ಹಲ್ಲಿನ ಪಟ್ಟಿ ಒಂದು ಗೇಣೂ ಇಲ್ಲ. ಒಂದೇ ಕೈಲಿ ಹಿಡಿಯಬಹುದು. ಎಡಗೈಯಲ್ಲೂ.

“ಅಗ್ಗದ ಮಾಲು ಕಣಣ್ಣ, ಸುಳ್ಳು ಹೇಳಲ್ಲ,” ಎಂದ ಕಂಠಪ್ಪ. “ರೆಂಬೆಗೆ, ಬೇಲಿಗೆ ಸರಿ. ಬೊಡ್ಡೆಗೆ ಇಟ್ರೆ ಸತ್ತೋಯ್ತದೆ. ಆಮೇಲೆ ಕಂಠಪ್ಪ ಕೊಟ್ಟ ಅಂತ ಯಾರ್ಗೂ ಹೇಳ್ಬೇಡಿ.”

“ತಕೊಳ್ಳೋದೋ ಬ್ಯಾಡ್ವೋ ಗೊತ್ತಾಯ್ತಿಲ್ಲ ಕಣಪ್ಪ.”

“ತಕೊಂಡೋಗಿ, ಕುಯ್ದು ನೋಡಿ. ಸಂತೆ ದಿನ ತಂದ್ಬುಡಿ, ಇಲ್ಲಾ ಮಡಿಕೊಳ್ಳಿ.”

ಬಸ್ಸಿನಲ್ಲಿ ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ. ಏನೆಂದು ಕೇಳಿದ ಒಬ್ಬನಿಗೆ ಮಿಕ್ಸಿ ಎಂದ, ಇನ್ನೊಬ್ಬನಿಗೆ ಮೊಮ್ಮಗಳ ಬೊಂಬೆ ಎಂದ. ಇಬ್ಬರೂ ಒಂದೇ ಸೀಟಿನಲ್ಲಿ ಕೂತವರೆಂದು ಆಮೇಲೆ ನೋಡಿದ.

ಮನೆಯಲ್ಲಿ ಚಿಕ್ಕಬೀರಮ್ಮ ಗರಗಸವನ್ನು ಮೂಸಿ ನೋಡಿದಳು. “ಅಲ್ಲ ಕಣಿ, ಇದ್ನ ತಕೊಂಡೋದ್ರೆ ಕೈ ಬಿದ್ದೋಗದೆ ಅಂತ ನೀವೇ ತಮಟೆ ಒಡದಂಗಲ್ವಾ?”

“ಕಂಠಪ್ಪ ಪರೀಕ್ಷೆಗೆ ಕೊಟ್ಟವ್ನೆ ಅಂತೀನಿ ಬುಡು.”

“ಮಚ್ಚಲ್ಲಿ ಮೆತ್ತುಗೆ ರೆಂಬೆ ಸವರ್ಕೊಂಡು ನಾಕು ದಿನ ತಳ್ಳಿ.”

ಹೆಂಡತಿಯ ಮಾತು ಸರಿ ಎಂದು ಚಲುವಯ್ಯನಿಗೆ ತಿಳಿಯಿತು. ಆದ್ದರಿಂದಲೇ ಕೇಳಲಿಲ್ಲ.

ಮೊದಲ ಮುಯ್ಯಿ ಮುದ್ದಯ್ಯನ ಮನೆಯದು. ಇಬ್ಬರೂ ಜೊತೆಯಲ್ಲಿ ದನ ಕಾಯ್ದವರು. ಹಿತ್ತಲಲ್ಲಿ ಉರುಳಿಸಿದ ಸಿಲ್ವರ್ ಓಕ್ ಮರಗಳು ರೆಂಬೆ ಸಮೇತ ಬಿದ್ದಿದ್ದವು. ಚಲುವಯ್ಯ ಎಡಗೈಯಲ್ಲಿ ಮಿಷನ್ ಹಿಡಿದು ಗುಂಡಿ ಒತ್ತಿದ. ಮಿಷನ್ ಜೇನುಹುಳದಂತೆ ಗುಂಯ್‌ಗುಟ್ಟಿತು, ರೆಂಬೆ ಬೆಣ್ಣೆಯಂತೆ ಬಿತ್ತು. ಚಲುವಯ್ಯನಿಗೆ ಇಪ್ಪತ್ತು ವರ್ಷದ ಪ್ರಾಯ ಬಂತು. ಇನ್ನೊಂದು, ಮತ್ತೊಂದು. ನಿಲ್ಲಿಸದಿದ್ದರೆ ಹೀಗೇ ಕುಯ್ದುಕೊಂಡು ಕಾಕನಕೋಟೆಯ ಕಾಡನ್ನೂ ದಾಟಿಬಿಡುತ್ತಿದ್ದನೇನೋ. ಮುದ್ದಯ್ಯನ ಹೆಂಡತಿ ಪುಟ್ಟಮಾದಮ್ಮ ಕಾಫಿ ತರುವಷ್ಟರಲ್ಲಿ ಪೆಟ್ಟಿಗೆಯಲ್ಲಿದ್ದ ಎರಡು ಬ್ಯಾಟರಿಯೂ ಖಾಲಿ, ರೆಂಬೆಯೂ ಖಾಲಿ.

ತಾನು ಮಾಡಿಕೊಂಡದ್ದು ಏನೆಂದು ಅವನಿಗೆ ಆಗ ಹೊಳೆಯಿತು. ನಾಲ್ಕು ದಿನ ಮಚ್ಚು ಹಿಡಿದು ಮರೆಯಾಗಿರಬಹುದಾಗಿದ್ದ ಹಗುರ ಕೆಲಸವನ್ನು ಒಂದು ಕಾಫಿಯ ಹೊತ್ತಿಗೆ ತಾನೇ ಮುಗಿಸಿಬಿಟ್ಟಿದ್ದ. ಉಳಿದದ್ದು ಬೊಡ್ಡೆಗಳು. ಹನ್ನೊಂದಿದ್ದವು. ಒಂದೊಂದೂ ಮಲಗಿದ ಎಮ್ಮೆಯಷ್ಟು.

“ಮಿಷನ್ ಚೆನ್ನಾಗದೆ ಕಣ್ಲಾ,” ಎಂದ ಮುದ್ದಯ್ಯ. “ಆದ್ರೆ ಒತ್ತಿನ್ನೂ ನೆತ್ತಿಗೆ ಬಂದಿಲ್ಲ.”

ಮುಯ್ಯಾಳೆಂದರೆ ಬೆಳಿಗ್ಗೆ ರೊಟ್ಟಿ ತಿಂದು, ಮಧ್ಯಾಹ್ನ ಮುದ್ದೆ ಉಂಡು, ಹೊತ್ತು ಮುಳುಗುವವರೆಗೆ ಇರಬೇಕು. ಕೆಲಸ ಬೇಗ ಮುಗಿಯಿತೆಂದು ಎದ್ದು ಹೋದರೆ ಅದು ಅರ್ಧಾಳು. ಒಳಗೆ ಮುದ್ದೆಗೆ ಎಸರು ಇಟ್ಟಾಗಿತ್ತು. ಮುದ್ದಯ್ಯ ಕೊಡಲಿ ತಂದು ಅವನ ಮುಂದೆ ಹಿಡಿದ.

ಚಲುವಯ್ಯ ತೆಗೆದುಕೊಂಡ. ಕಾಲು ಅಗಲಿಸಿ ನಿಂತ. ಎತ್ತಿದ. ಕೊಡಲಿ ಭುಜದವರೆಗೆ ಬಂದು ಅಲ್ಲೇ ನಿಂತಿತು. ಮೇಲಕ್ಕೂ ಹೋಗದು, ಇಳಿಸಿದರೆ ಮಾನ ಹೋಗುತ್ತದೆ. ಅವನು ತಲೆ ಎತ್ತಿ ಆಕಾಶ ನೋಡತೊಡಗಿದ.

“ಮೂಡ್ಲ ಕಡೆ ಮೋಡ ಕಟ್ತಾ ಅದೆ ಕಣ್ಲಾ ಮುದ್ದ.”

ಆಕಾಶ ತೊಳೆದ ತಟ್ಟೆಯಂತಿತ್ತು. ಮುದ್ದಯ್ಯ ಅತ್ತ ನೋಡಲೇ ಇಲ್ಲ. ಚಲುವಯ್ಯನ ಹಣೆಯ ಬೆವರು ಮೂಗಿನ ತುದಿಗೆ ಇಳಿದು ತೊಟ್ಟಿಕ್ಕಿತು. ಅಷ್ಟು ಹೊತ್ತಿನಲ್ಲಿ ಇನ್ನೊಂದು ಸಿಲ್ವರ್ ಓಕ್ ಬೆಳೆದು ದೊಡ್ಡದಾಗಬಹುದಿತ್ತು.

“ಮೋಡ ನೋಡಿದ್ದು ಸಾಕು, ಇಳಿಸು ಚಲುವಯ್ಯ,” ಎಂದಳು ಪುಟ್ಟಮಾದಮ್ಮ. “ಶಿವರಾತ್ರಿಯಿಂದ ಎಡಗೈಲಿ ಬೀಡಿ ಅಚ್ತಾ ಇದ್ದೀಯ. ಊರ್ಗೇನು ಕಣ್ಣಿಲ್ವಾ?”

ಕೊಡಲಿ ತಾನಾಗಿ ಇಳಿಯಿತು.

“ಗೊತ್ತಿದ್ದೂ ಕೊಡ್ಲಿ ಕೊಟ್ಟೆಯೇನ್ಲಾ?” ಎಂದ ಚಲುವಯ್ಯ.

“ನಿನ್ ಬಾಯಿಂದ್ಲೇ ಬರ್ಲಿ ಅಂತ ಕಾಯ್ತಿದ್ದೆ,” ಎಂದ ಮುದ್ದಯ್ಯ. “ಪಿರಿಯಾಪಟ್ಟಣಕ್ಕೋಗಿ ಮಿಷನ್ನೇ ತಂದ್ಬುಟ್ಟೆ, ಬಾಯಿ ಮಾತ್ರ ಬುಡ್ನಿಲ್ಲ.”

ಚಲುವಯ್ಯ ಒಂದು ಬೊಡ್ಡೆಯ ಮೇಲೆ ಕೂತ. “ಅಂಗಾದ್ರೆ ನಾನು ಮುಯ್ಯಿಂದ ಆಚ್ಗಾ?”

ಮುದ್ದಯ್ಯ ಕೊಡಲಿ ಎತ್ತಿಕೊಂಡು ಅಂಗೈಗೆ ಉಗುಳಿದ. “ಬೊಡ್ಡೆ ನಾವು ಒಡಕೊತೀವಿ. ರೆಂಬೆ ನಿಂದು. ಇಲ್ಲೊಂದೇ ಅಲ್ಲ, ಮೂರು ಮನೇದೂ, ಮಿಕ್ಕೋರೂ ಒಪ್ಪವ್ರೆ. ಮುಂದಿನ ವರ್ಸದ್ದೂ. ಆದ್ರೆ ಆಳು ಅಂದ್ರೆ ಆಳು. ಒತ್ತು ಮುಳುಗೋಗಂಟ ಎದ್ದೋಗಂಗಿಲ್ಲ.”

“ಬ್ಯಾಟ್ರಿ ಕಾಫಿ ಒತ್ಗೇ ಸತ್ತೋಯ್ತದಲ್ಲ.”

“ಅದು ಚಾರ್ಜ್ ಆಗೋಗಂಟ ಬಾ, ನನ್ನ ಜೊತೆ ಉಳ್ಳಿ ಆರಿಸು,” ಎಂದು ಪುಟ್ಟಮಾದಮ್ಮ ಮೊರವನ್ನು ಅವನ ತೊಡೆಯ ಮೇಲಿಟ್ಟಳು.

ಲಾಮಾಗಳ ತಾಳ ತಪ್ಪಿಸಿದ ಚಲುವಯ್ಯ ಜಗಲಿಯಲ್ಲಿ ಕೂತು ಹುರುಳಿಯಿಂದ ಕಲ್ಲು ಆರಿಸಿದ. ಆ ಮಧ್ಯಾಹ್ನ ಹಾರನಹಳ್ಳಿ ಹೋಬಳಿಗೆ ಹೋಬಳಿಯೇ ಆ ಬೀದಿಯಲ್ಲಿ ಏನೋ ಕೆಲಸವಿದ್ದಂತೆ ಹಾದುಹೋಯಿತು. ಹಾದವರೆಲ್ಲ ನಿಂತು, “ಏನ್ ಚಲುವಣ್ಣ, ಉಳ್ಳಿಯಾ?” ಎಂದು ಕೇಳಿದರು. ಎದ್ದು ಹೋದರೆ ಅರ್ಧಾಳು. ಅವನು ಹೊತ್ತು ಮುಳುಗುವವರೆಗೆ ಕೂತ. ಚಾರ್ಜಿನ ಕೆಂಪು ದೀಪ ಹಸಿರಾಗುವಷ್ಟರಲ್ಲಿ ಸೂರ್ಯನೂ ಹೋಗಿದ್ದ.

ಸಂತೆಯ ದಿನ ಅಂಗಡಿಯಲ್ಲಿ ಪೆಟ್ಟಿಗೆ ಇಟ್ಟಾಗ ಕಂಠಪ್ಪ ಬಿಲ್ಲಿನ ಪುಸ್ತಕಕ್ಕೆ ಕೈ ಹಾಕಬೇಕೋ ಬೇಡವೋ ಎಂದು ನೋಡಿದ.

“ವಾಪಸ್ಸಾ ಚಲುವಣ್ಣ?”

“ಮಡಿಕೋಬೇಕಂತೆ.”

“ಯಾರಂದ್ರು?”

“ಊರೋರು.” ಚಲುವಯ್ಯ ಎಡಗೈಯಿಂದ ಮುಚ್ಚಳ ತೆಗೆದು ಬ್ಯಾಟರಿಗಳನ್ನು ಹೊರಗಿಟ್ಟ. “ಇಂತವು ಇನ್ನೂ ನಾಕು ಕೊಡಪ್ಪ.”

“ಅಷ್ಟೊಂದಾ? ಕುಯ್ಯೋದು ಅಷ್ಟದಾ?”

“ಕುಯ್ಯೋದಲ್ಲ ಕಣಪ್ಪ,” ಎಂದ ಚಲುವಯ್ಯ. “ಬ್ಯಾಟ್ರಿ ಸತ್ರೆ ಆರಿಸೋ ಉಳ್ಳಿ ಅಷ್ಟದೆ.”