ಗರ್ಭಕೋಶವಿಲ್ಲದ ಹುಡುಗಿ ಕೇಳಿದ್ದು

ವಿಶಾಖಪಟ್ಟಣದ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನಾನು ಸ್ತ್ರೀರೋಗ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಂಡಿ ನೋವು, ಹೊರಗೆ ಮುಗಿಯದ ಸಾಲು. ರೋಗಿಯ ಮುಖಕ್ಕಿಂತ ಮೊದಲು ರಿಪೋರ್ಟ್ ನೋಡುವ ಅಭ್ಯಾಸ ಬಂದುಬಿಟ್ಟಿತ್ತು.

ಒಂದು ಸೋಮವಾರ ಇಪ್ಪತ್ತಾರು ವರ್ಷದ ಸಹನಾ ತಾಯಿಯೊಂದಿಗೆ ಬಂದಳು. ದಾವಣಗೆರೆಯವಳು, ವಿಜಯವಾಡದ ಒನ್ ಟೌನ್ ಬಡಾವಣೆಯಲ್ಲಿ ಬ್ಯಾಂಕ್ ಅಧಿಕಾರಿ. ಅಲ್ಲಿ ಪರಿಚಯದವರ ಕಣ್ಣಿಗೆ ಬೀಳಬಾರದೆಂದು, ಇಲ್ಲಿ ಕನ್ನಡದ ಡಾಕ್ಟರ್ ಇದ್ದಾರೆಂದು ಕೇಳಿ, ರೈಲು ಹತ್ತಿ ಬಂದಿದ್ದರು. ಅವಳದು ಎಂಆರ್‌ಕೆಎಚ್ ಎಂಬ ಸ್ಥಿತಿ: ಹುಟ್ಟಿನಿಂದಲೇ ಗರ್ಭಕೋಶವಿಲ್ಲ, ಯೋನಿಮಾರ್ಗ ಪೂರ್ತಿ ಬೆಳೆದಿಲ್ಲ. ಅಂಡಾಶಯ, ಹಾರ್ಮೋನು ಎಲ್ಲ ಸರಿ. ಮುಟ್ಟು ಮಾತ್ರ ಎಂದೂ ಆಗಿರಲಿಲ್ಲ. ಹಾಸ್ಟೆಲಿನಲ್ಲಿ ತಿಂಗಳು ತಿಂಗಳೂ ಹೊಟ್ಟೆನೋವೆಂದು ಮಲಗಿ, ಗೆಳತಿಯರಿಗೆ ಕಾಣುವಂತೆ ಪ್ಯಾಡ್ ಬಿಸಾಡಿ, ವರ್ಷಗಟ್ಟಲೆ ನಟಿಸಿದ್ದಳು.

"ಮದುವಿ ಗೊತ್ತಾಗೇತ್ರಿ ಡಾಕ್ಟ್ರೇ. ಅಷ್ಟರೊಳಗೆ ಆಪರೇಷನ್ ಮಾಡಿಬಿಡ್ರಿ. ಗಂಡಿನ ಕಡೆಯೋರಿಗೆ ಗೊತ್ತಾಗಬಾರ್ದು" ಎಂದರು ತಾಯಿ.

ದಿನ ಬರೆದುಕೊಡಲು ಪೆನ್ನು ತೆಗೆದೆ. ಅಷ್ಟರಲ್ಲಿ ಸಹನಾ, "ಅಮ್ಮ, ಸ್ವಲ್ಪ ಹೊರಗಿರು" ಎಂದಳು. ತಾಯಿ ಎದ್ದುಹೋದ ಮೇಲೆ ನಾನು ರೂಢಿಯ ವಿವರಣೆ ಶುರುಮಾಡಿದೆ: ಆಪರೇಷನ್ನೇ ಬೇಕೆಂದಿಲ್ಲ, ಡೈಲೇಟರ್ ಎಂಬ ಸಾಧನದಿಂದ ಕೆಲವು ತಿಂಗಳಲ್ಲಿ ಮಾರ್ಗವನ್ನು ನಿಧಾನವಾಗಿ ಹಿಗ್ಗಿಸಬಹುದು, ದಾಂಪತ್ಯಕ್ಕೆ ಅಡ್ಡಿಯಾಗದು.

ಅವಳು ತಡೆದಳು. "ಇದೆಲ್ಲ ಗಂಡನಿಗೆ ಸರಿಹೋಗೋ ಮಾತಾಯ್ತು ಮೇಡಂ. ಮುಂಚೆ ತೋರಿಸಿದ ಡಾಕ್ಟರೂ ಇದನ್ನೇ ಹೇಳಿದ್ರು. ನನಗೆ ಸುಖ ಅನ್ನೋದು ಇರುತ್ತೋ ಇಲ್ವೋ?"

ಪೆನ್ನು ಕೆಳಗಿಟ್ಟೆ.

"ಇರುತ್ತೆ ಕಣಮ್ಮ. ಸುಖದ ನರಗಳು ಹೆಚ್ಚಾಗಿ ಹೊರಭಾಗದಲ್ಲಿವೆ. ಎಲ್ಲರಿಗೂ ಇರೋ ಹಾಗೆ ನಿನಗೂ ಇವೆ. ಏನೂ ಕಡಿಮೆಯಿಲ್ಲ."

ಅವಳು ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಹೊರಗೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು.

ಆಪರೇಷನ್ ಬೇಡ ಎಂದಳು, ನಾನೂ ದಿನ ಬರೆಯಲಿಲ್ಲ. ಅವಳೇ ಹುಡುಗನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ವಾರದೊಳಗೆ ಸಂಬಂಧ ಮುರಿಯಿತು. "ನೀವೂ ಒಂದು ಹೆಣ್ಣಾಗಿ ಹಿಂಗ ಮಾಡಬಹುದಿತ್ತೇನ್ರಿ?" ಎಂದು ತಾಯಿ ಫೋನಿನಲ್ಲಿ ಕೇಳಿದರು.

ಮರುವರ್ಷ ಸಹನಾ ಒಬ್ಬಳೇ ಬಂದು ಡೈಲೇಟರ್ ಚಿಕಿತ್ಸೆ ಶುರುಮಾಡಿ ಎಂದಳು. ಮದುವೆಯೇನಾದರೂ ಗೊತ್ತಾಯಿತೇ ಎಂದೆ. "ಇಲ್ಲ ಮೇಡಂ. ನನಗೋಸ್ಕರ."

ಅವಳಿಗಿಂತ ಮೊದಲು ಇದೇ ಸ್ಥಿತಿಯ ಎಷ್ಟೋ ಹೆಣ್ಣುಮಕ್ಕಳು ನನ್ನೆದುರು ಕೂತು ಎದ್ದುಹೋಗಿದ್ದರು. ಅಂಗ ಸರಿಮಾಡುವ ಬಗೆ ಹೇಳಿದ್ದೆ, ಬಾಡಿಗೆ ತಾಯಿಯ ಮೂಲಕ ಮಗು ಪಡೆಯುವ ದಾರಿ ಹೇಳಿದ್ದೆ. ಸುಖದ ಈ ಒಂದು ಮಾತನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಲು ನಾಚುವವರಿಗೆ ಉತ್ತರವನ್ನು ನಾವೇ ಮುಂದಾಗಿ ಹೇಳಬೇಕೆಂದು ಕಲಿತಾಗ ನನಗೆ ಐವತ್ತೆಂಟು. ಹಳೆಯ ಕೇಸ್‌ಶೀಟ್‌ಗಳಲ್ಲಿ ಆ ಹೆಣ್ಣುಮಕ್ಕಳ ಫೋನ್ ನಂಬರುಗಳೂ ಇಲ್ಲ.