ಕೆಸರಿಗಿಳಿದು ನೋಡುವ ಬೂಟಿನಂಗಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಯೊಂದರ ಪಕ್ಕದಲ್ಲಿ ನಜಮಾ ತಮ್ಮ ಅಂಗಡಿಯ ಶಟರ್ ಎತ್ತಿ, ನೇರ ಹಿತ್ತಲಿಗೆ ಹೋಗುತ್ತಾರೆ. ಅಲ್ಲಿ ಮೊಣಕಾಲೆತ್ತರದ ಇಟ್ಟಿಗೆ ಕಟ್ಟೆಯೊಳಗೆ ಗದ್ದೆಯ ಎರೆಮಣ್ಣು ತುಂಬಿದೆ. ಅದಕ್ಕೆ ಕೊಡದಿಂದ ನೀರು ಸುರಿದು, ಬರಿಗಾಲಲ್ಲಿ ಇಳಿದು, ನಾಟಿಗೆ ಹದ ಮಾಡಿದ ಮಡಿಯಂತಾಗುವವರೆಗೆ ತುಳಿಯುತ್ತಾರೆ. ಆಮೇಲೆ ಕಾಲು ತೊಳೆದುಕೊಂಡು ಬಂದು ಬೂಟುಗಳ ಧೂಳು ಒರೆಸುತ್ತಾರೆ.

ಈ ಅಂಗಡಿಯಲ್ಲಿ ಬೂಟು ಬಿಟ್ಟರೆ ಬೇರೇನೂ ಇಲ್ಲ. ಗದ್ದೆಗೆ ತೆಳು ರಬ್ಬರಿನವು, ಗಿರಣಿ ಹಮಾಲರಿಗೆ ಜಾರದ ತಳದವು, ಲಿಂಗಸುಗೂರು ಕಡೆಯ ಕಲ್ಲುಕ್ವಾರಿಯವರಿಗೆ ಮುಂಗಾಲಿಗೆ ಕಬ್ಬಿಣದ ತಗಡಿರುವವು. ಗಾಜಿನ ಬೀರು ಇಲ್ಲ, ಅಡ್ಡಕ್ಕೆ ಕೌಂಟರೂ ಇಲ್ಲ. ಎಲ್ಲವೂ ಕೈಗೆಟುಕುವ ಹಲಗೆಗಳ ಮೇಲಿವೆ.

ಕಾಲುವೆಗೆ ನೀರು ಬಿಟ್ಟಾಗಿದೆ. ನಾಟಿಗೆ ಹೊರಟ ಹೆಣ್ಣುಮಕ್ಕಳ ಆಟೊವೊಂದು ಬಂದು ನಿಲ್ಲುತ್ತದೆ. ಇಳಿದವರು ಬೂಟಿನೊಳಗೆ ಮೊಣಕೈವರೆಗೆ ಕೈ ಹಾಕಿ ನೋಡುತ್ತಾರೆ, ತಳ ಬಗ್ಗಿಸುತ್ತಾರೆ, ಹೊಸ ರಬ್ಬರಿನ ವಾಸನೆ ಮೂಸಿ ನಗುತ್ತಾರೆ. ಇಬ್ಬರು ಆಗಲೇ ಬೂಟು ಹಾಕಿಕೊಂಡು ಕೆಸರಿಗಿಳಿದಿದ್ದಾರೆ.

ಗೊರೇಬಾಳದ ಯಂಕಮ್ಮ ಹೋದ ವರ್ಷವೇ ಬೂಟು ಕೊಂಡವರು. ಇವತ್ತು ಕೊಳ್ಳುವುದೇನಿಲ್ಲ, ಆದರೂ ಒಳಗೆ ಬಂದಿದ್ದಾರೆ. "ಬ್ಯಾರೆ ಅಂಗಡ್ಯಾಗ ಬಾಗಿಲದಾಗ ನಿಂದರಿಸಿ ನಂಬರ್ ಎಷ್ಟು ಅಂತ ಕೇಳ್ತಾರ್ರಿ. ನಾವು ಎಂದಾದ್ರೂ ಬೂಟು ಹಾಕ್ಕೊಂಡೀವೇನು, ನಂಬರ್ ಗೊತ್ತಿರಾಕ? ಇಲ್ಲಿ ಎಲ್ಲಾ ಮುಟ್ಟಿ ನೋಡಬಹುದು. ಈ ಅಕ್ಕ ಏನೂ ಅನ್ನಂಗಿಲ್ಲ."

ನಜಮಾ ಹುಟ್ಟಿದ್ದು ಮಸ್ಕಿಯಲ್ಲಿ. ಮದುವೆಯಾಗಿ ಸಿಂಧನೂರಿಗೆ ಬಂದರು. ಗಂಡ ಮಲೀಕಸಾಬರದು ಪಂಕ್ಚರ್ ಅಂಗಡಿ. ಟ್ಯೂಬಿನ ಜೊತೆ ಹರಿದ ಗದ್ದೆ ಬೂಟುಗಳೂ ತೇಪೆಗೆ ಬರತೊಡಗಿದಾಗ ಆ ಕೆಲಸ ನಜಮಾ ಅವರ ಪಾಲಿಗೆ ಬಂತು. ಬರುತ್ತಿದ್ದವೆಲ್ಲ ಗಂಡಸರವೇ. ನಾಟಿ ಮಾಡುವ ಹೆಣ್ಣುಮಕ್ಕಳು ಮಾತ್ರ ಬರಿಗಾಲಲ್ಲಿ, ಬೆರಳ ಸಂದಿನ ಹುಣ್ಣಿಗೆ ಅರಿಶಿನ ಮೆತ್ತಿಕೊಂಡು ಓಡಾಡುತ್ತಿದ್ದರು. ಹೈದರಾಬಾದಿನಿಂದ ಒಂದು ಮೂಟೆ ಬೂಟು ತರಿಸಿ ಅವರಿಗೆಂದೇ ಮಾರಿದರು.

ವಾರದೊಳಗೆ ಅವು ವಾಪಸು ಬಂದವು. ವಳಕಮದಿನ್ನಿಯ ಹೆಂಗಸೊಬ್ಬಳು ಕೆಸರಲ್ಲಿ ಬೂಟು ಸಿಕ್ಕಿಕೊಂಡು ಸಸಿಯ ಕಟ್ಟಿನ ಸಮೇತ ಮುಗ್ಗರಿಸಿದ್ದಳು. ಬೂಟು ತಂದು ಅಂಗಡಿ ಮುಂದೆ ಒಗೆದು ಹೋದಳು.

"ಆಕಿದು ತಪ್ಪಿಲ್ಲ," ಎನ್ನುತ್ತಾರೆ ನಜಮಾ. "ಸಿಮೆಂಟ್ ನೆಲದ ಮ್ಯಾಲೆ ನಡದು ನೋಡಿದ್ರ ಎಲ್ಲಾ ಬೂಟೂ ಚಲೋನ ಇರ್ತಾವ. ಕೆಸರಿನ್ಯಾಗ ಇಳದಾಗ ಖರೆ ಗೊತ್ತಾಗ್ತೈತಿ. ಅದಕ್ಕ ನಮ್ಮ ಮನೆಯವ್ರಿಗೆ ಹೇಳಿ ಒಂದು ಟ್ರಾಲಿ ಮಣ್ಣು ಹೊಡಸಿದೆ."

ಆ ಮಣ್ಣಿನಿಂದಲೇ ಹೋದ ವರ್ಷ ಅಂಗಡಿ ಕಳೆದುಕೊಳ್ಳುವ ಮಟ್ಟಕ್ಕೆ ಬಂದಿತ್ತು. ಕೆಸರುನೀರು ರಸ್ತೆಗೆ ಹರಿಯುತ್ತದೆಂದು ಅಕ್ಕಪಕ್ಕದವರು ದೂರಿದರು. ನಜಮಾ ಬಾಡಿಗೆಗೆ ಹಿಡಿದ ಈ ಮಳಿಗೆಯ ಮಾಲೀಕರು ಭತ್ತದ ವ್ಯಾಪಾರಿ ಅಮರಗುಂಡಪ್ಪ. ಹೆಂಡತಿ ಶೇಖರಮ್ಮನವರನ್ನು ಸಕ್ಕರೆ ಕಾಯಿಲೆಯ ತಪಾಸಣೆಗೆ ಕರೆದೊಯ್ಯುವಾಗ ಕಾರು ನಿಲ್ಲಿಸಿ ಒಳಬಂದರು. ಮಣ್ಣು ತೆಗೆಸಬೇಕು, ಇಲ್ಲವೇ ಮಳಿಗೆ ಖಾಲಿ ಮಾಡಬೇಕು ಎಂದರು. ಅಷ್ಟರಲ್ಲಿ ಶೇಖರಮ್ಮ ಕಾರಿನಿಂದಿಳಿದು ಬಂದು ಬೂಟುಗಳನ್ನು ಒಂದೊಂದಾಗಿ ಎತ್ತಿ ನೋಡುತ್ತಿದ್ದರು.

"ಪಾದಕ್ಕ ಸ್ಪರ್ಶ ಇಲ್ಲ ನೋಡವಾ ನನಗ. ಬರಿಗಾಲಿಲೆ ಹೊಲಕ್ಕ ಹೋಗಬ್ಯಾಡ ಅಂದಾರ ಡಾಕ್ಟರು. ಗದ್ದಿ ಬದುವಿನ ಮ್ಯಾಲೆ ನಿಂತು ನೋಡೇ ಬರ್ತೀನಿ."

ನಜಮಾ ಶೇಖರಮ್ಮನವರನ್ನು ಸ್ಟೂಲಿನ ಮೇಲೆ ಕೂರಿಸಿದರು. ಬೂಟಿನೊಳಗೆ ಹರಳೇನಾದರೂ ಇದೆಯೇ ಎಂದು ಬೆರಳಾಡಿಸಿ ನೋಡಿ, ದಪ್ಪ ಕಾಲುಚೀಲ ಹಾಕಿ, ಬೂಟು ತೊಡಿಸಿದರು. ಕೈ ಹಿಡಿದು ಮಣ್ಣಿಗೆ ಇಳಿಸಿದರು. ಶೇಖರಮ್ಮ ಸೀರೆ ಎತ್ತಿ ಕಟ್ಟಿ ಈ ತುದಿಯಿಂದ ಆ ತುದಿಗೆ ನಡೆದರು. ತಿರುಗಿ ಬಂದರು. ಮತ್ತೆ ಹೋದರು.

"ಸಾಕು ಬಾ, ಡಾಕ್ಟರ್ ಕಾಯಾಕತ್ತಾರ," ಎಂದರು ಅಮರಗುಂಡಪ್ಪ.

"ಕಾಯಲಿ ಬಿಡ್ರಿ."

ಸಂಜೆ ಗಾರೆ ಕೆಲಸದ ಗೌಂಡಿಯೊಬ್ಬ ಪೈಪು ಹೊತ್ತು ಬಂದು ಕೆಸರುನೀರಿಗೆ ಚರಂಡಿಯ ದಾರಿ ಮಾಡಿಕೊಟ್ಟು ಹೋದ. ಈ ಬಗ್ಗೆ ಕೇಳಿದರೆ ಅಮರಗುಂಡಪ್ಪ ಹೆಚ್ಚು ಮಾತಾಡುವುದಿಲ್ಲ. "ಖಾಲಿ ಮಾಡಸಾಕ ಹೋಗಿದ್ದೆ. ಆಕಿ ನಡದಾಡೋದು ನೋಡಿದ ಮ್ಯಾಲೆ ಗೌಂಡಿನ ಕಳಿಸಿದೆ," ಎನ್ನುತ್ತಾರೆ ಅಷ್ಟೇ.

ನಾಟಿಯ ದಿನಗಳಲ್ಲಿ ಮೂರ್ನಾಲ್ಕು ಆಟೊಗಳ ಹೆಣ್ಣುಮಕ್ಕಳು ಬರುತ್ತಾರೆ. ಕೊಳ್ಳುವವರು ಕೆಲವರು, ಉಳಿದವರು ನೋಡಿ ಹೋಗುವವರು. ಕೆಸರಾದ ಬೂಟುಗಳನ್ನೆಲ್ಲ ತೊಳೆದು ಬೋರಲು ಹಾಕುವುದರಲ್ಲೇ ನಜಮಾ ಅವರ ಮಧ್ಯಾಹ್ನ ಕಳೆಯುತ್ತದೆ. ಸೊಂಟ ನೋವೆಂದು ಗೊಣಗುತ್ತಾರೆ, ಆದರೆ ಕೆಲಸ ನಿಲ್ಲಿಸುವುದಿಲ್ಲ.

ಮುಂದೇನು ಮಾಡಬೇಕೆಂದಿದ್ದೀರಿ ಎಂದು ಕೇಳಿದಾಗ ಅಂಗಡಿಯ ಗೋಡೆಯತ್ತ ನೋಡಿ ಹೇಳುತ್ತಾರೆ: "ಇಲ್ಲಿ ಒಂದು ಉದ್ದನ ಬೆಂಚು ಹಾಕಸಬೇಕಂತೀನ್ರಿ. ಒಂದು ಆಟೋದಾಗ ಬಂದೋರೆಲ್ಲಾ ಒಮ್ಮಿಗೇ ಕುಂದರೋವಷ್ಟು. ಇಡೀ ದಿನ ಬಗ್ಗಿ ದುಡಿಯೋರು ಅವ್ರು. ತಗೊಳ್ಳದಿದ್ರ ಬಿಡ್ಲಿ, ಸ್ವಲ್ಪ ಹೊತ್ತು ಕುಂತು ನೋಡಿ ಹೋಗ್ಲಿ."